ಚೂರಿನ ಡಬ್ಬ

ನಮ್ಮ ಮನೆಯಲ್ಲೇ ಸಿನಿಮಾ ತೆಗೆಯುತ್ತೇನೆಂದು ನಾದಿನಿ ಹೇಳಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ.

“ಭಟ್ಟಿ ಆರಿಸಬೇಕಾ?”

“ಬೇಡಪ್ಪ. ಭಟ್ಟಿ ಉರೀತಾ ಇದ್ರೇನೇ ಚೆನ್ನಾಗಿರುತ್ತೆ.”

“ಹಾಗಾದ್ರೆ ತೆಕ್ಕೊ.” ಅಷ್ಟು ಹೇಳಿ ಅವರು ಹಿಟ್ಟು ನಾದಲು ಹೋದರು. ಅವರ ಮಟ್ಟಿಗೆ ಸಿನಿಮಾ ಅಲ್ಲಿಗೆ ಮುಗಿಯಿತು.

ಅತ್ತೆಯ ಮಟ್ಟಿಗೆ ಅಲ್ಲಿಂದ ಶುರುವಾಯಿತು. “ಮದುವೆಗೆ ಅಂತ ಕೂಡಿಟ್ಟ ದುಡ್ಡು ಅದು,” ಎಂದರು.

“ಕೂಡಿಟ್ಟಿದ್ದು ನಾನು. ಮದುವೆಗೆ ಅಂತ ಹೆಸರಿಟ್ಟಿದ್ದು ನೀನು,” ಎಂದಳು ನಾದಿನಿ.

ನನ್ನ ಗಂಡ ತಟ್ಟೆಗೆ ಮುಖ ಬಗ್ಗಿಸಿಕೊಂಡು ನಕ್ಕರು. ನಾನು ನಗಲಿಲ್ಲ. ತಾಯಿ ಮಗಳ ಜಗಳದ ನಡುವೆ ಸೊಸೆ ನಕ್ಕರೆ ಆ ನಗುವಿನ ಲೆಕ್ಕ ಯಾರ ಖಾತೆಗೆ ಬರೆಯುತ್ತಾರೆಂದು ನನಗೆ ಚೆನ್ನಾಗಿ ಗೊತ್ತು.

ನಮ್ಮದು ಬೇಕರಿಯ ಮನೆ. ಮುಂದೆ ಅಂಗಡಿ, ಹಿಂದೆ ಭಟ್ಟಿ, ಅದರ ಹಿಂದೆ ಟ್ರೇ ತೊಳೆಯುವ ಕಲ್ಲಿನ ಅಂಗಳ, ಮಹಡಿಯ ಮೇಲೆ ನಾವು. ಬಟ್ಟೆ, ತಲೆಗೂದಲು, ಮಗಳ ಪಠ್ಯಪುಸ್ತಕ, ಎಲ್ಲಕ್ಕೂ ಬೆಣ್ಣೆಯ ವಾಸನೆ. ಮದುವೆಯಾಗಿ ಬಂದ ಹೊಸದರಲ್ಲಿ ಈ ವಾಸನೆಗೆ ಮನಸೋತಿದ್ದೆ. ಈಗ ನೆಗಡಿ ಬಂದರೆ ನನಗೆ ರಜೆ ಸಿಕ್ಕಷ್ಟು ಸಂತೋಷ.

ನಾದಿನಿಗೆ ಮಾತ್ರ ಈ ಮನೆಯ ಗಾಳಿ ಹಿಡಿಯಲಿಲ್ಲ. ಅವಳು ಬೇರೆಯವರ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಾಳೆ. ಸಾವಿರಾರು ಜನ ತಿನ್ನುವುದನ್ನೂ ಅಳುವುದನ್ನೂ ನೋಡಿ ನೋಡಿ ಸ್ವಂತದ್ದೊಂದು ಕಥೆ ಮಾಡಬೇಕೆಂಬ ಹುಚ್ಚು ಹತ್ತಿತು. ಕಥೆ ಅವಳದೇ ಬಾಲ್ಯದ್ದು. ಬೇಕರಿಯವನ ದುಂಡು ಮಗಳು ಬನ್ನು, ಟ್ರೇ ತೊಳೆಯುವವಳ ಸಣಕಲು ಮಗಳು ಮಿಡತೆ. ಇಬ್ಬರೂ ಒಂದೇ ಶಾಲೆ, ಒಂದೇ ಅಂಗಳ, ಒಂದೇ ಜಡೆಯ ರಿಬ್ಬನ್ನಿನ ಎರಡು ತುಂಡು. ದೊಡ್ಡವರಾಗುತ್ತ ಒಬ್ಬಳು ಕಾಲೇಜಿಗೆ, ಒಬ್ಬಳು ಕೆಲಸಕ್ಕೆ. ಅಷ್ಟೇ ಸಿನಿಮಾ.

“ಇದರಲ್ಲಿ ಕಥೆ ಎಲ್ಲಿದೆ?” ಎಂದು ಅತ್ತೆ ಕೇಳಿದರು.

“ಸ್ನೇಹ ಇದೆಯಲ್ಲಮ್ಮ.”

“ಸ್ನೇಹ ನೋಡೋಕೆ ಟಿಕೆಟ್ ಯಾರು ತಗೋತಾರೆ?”

ದುಡ್ಡು ಇದ್ದದ್ದು ಒಂದು ಕ್ಯಾಮೆರಾದ ಬಾಡಿಗೆಗೆ, ಒಬ್ಬ ಕ್ಯಾಮೆರಾದವನಿಗೆ. ಉಳಿದದ್ದೆಲ್ಲ ಮನೆಮಂದಿ. ನನ್ನ ಗಂಡ ಉದ್ದ ಕೋಲಿನ ತುದಿಗೆ ಮೈಕು ಕಟ್ಟಿ ಹಿಡಿಯಬೇಕು. ಅಡುಗೆಯೂ ಬಟ್ಟೆಯೂ ನನ್ನ ಪಾಲು. ಬನ್ನುವಿನ ಪಾತ್ರಕ್ಕೆ ನನ್ನ ಮಗಳು ಡುಮ್ಮಿ. ಅದಕ್ಕೆ ಅವಳಿಗೆ ನಟನೆ ಬೇಕಿರಲಿಲ್ಲ, ಬಂದು ನಿಂತರೆ ಸಾಕಿತ್ತು. ಬನ್ನುವಿನ ತಾಯಿಯ ಪಾತ್ರಕ್ಕೆ ಅತ್ತೆ. “ನಾನು ಬಣ್ಣ ಹಚ್ಚಲ್ಲ” ಎಂದು ಎರಡು ದಿನ ಹಟ ಮಾಡಿದರು. ಬಣ್ಣ ಬೇಡವೆಂದು ತಿಳಿದ ಮೇಲೆ ಮೂರನೆಯ ದಿನ ತಾವೇ ತಲೆಗೆ ಬಣ್ಣ ಹಚ್ಚಿಕೊಂಡು ಬಂದರು.

ಮಿಡತೆಯ ಪಾತ್ರಕ್ಕೆ ಮಿಡತೆಯ ಮಗಳೇ ಬಂದಳು, ನಾವು ಅವಳನ್ನು ಮರಿಮಿಡತೆ ಎಂದೆವು. ನಿಜವಾದ ಮಿಡತೆ ಈಗ ಬಸ್ ಕಂಡಕ್ಟರ್. ಸಣಕಲುತನ ಹಾಗೇ ಇದೆ, ಗಂಟಲು ಮಾತ್ರ ಹತ್ತು ಜನರದ್ದು. ಅವಳು ರಜೆ ಹಾಕಿ ಚಿತ್ರೀಕರಣಕ್ಕೆ ಬಂದ ದಿನ ಅಂಗಳ ತುಂಬಿಕೊಂಡಿದ್ದ ಅಕ್ಕಪಕ್ಕದವರನ್ನೆಲ್ಲ ಒಂದೇ ಕೂಗಿಗೆ ಹಿಂದೆ ಸರಿಸಿದಳು. “ಹಿಂದೆ ಹೋಗಿ, ಹಿಂದೆ ಹೋಗಿ, ಹಿಂದೆ ಜಾಗ ಇದೆ!” ಎಲ್ಲರೂ ಜೇಬು ಮುಟ್ಟಿಕೊಂಡು ಹಿಂದೆ ಹೋದರು. ಬೆಳಕು ಮುಖದ ಮೇಲೆ ಬೀಳಲೆಂದು ಹಿಡಿಯುವ ಬಿಳಿ ಥರ್ಮಾಕೋಲ್ ಹಾಳೆಯನ್ನು ಅವಳೇ ಹಿಡಿದಳು. ನಾದಿನಿಗೆ ಆ ದಿನಗಳಲ್ಲಿ ಇದ್ದ ಸಂತೋಷ ನಾನು ಆಮೇಲೆ ನೋಡಲಿಲ್ಲ. ಇಬ್ಬರೂ ಊಟಕ್ಕೆ ಕೂತರೆ ಒಬ್ಬಳ ತಟ್ಟೆಗೆ ಇನ್ನೊಬ್ಬಳ ಕೈ.

ಇಲ್ಲಿ ನಮ್ಮ ಅತ್ತೆಯ ಡಬ್ಬಗಳ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಬಿಸ್ಕತ್ತು ಬೆಂದು ಆರಿದ ಮೇಲೆ ಅತ್ತೆ ಎರಡು ಡಬ್ಬ ಮುಂದಿಟ್ಟುಕೊಂಡು ಕೂರುತ್ತಾರೆ. ಇಡಿಯಾದದ್ದು ಕೆಂಪು ಮುಚ್ಚಳದ ಡಬ್ಬಕ್ಕೆ, ಅದು ಅಂಗಡಿಗೆ. ಮುರಿದದ್ದು ಮುಚ್ಚಳವಿಲ್ಲದ ಡಬ್ಬಕ್ಕೆ, ಅದು ಚೂರಿನ ಡಬ್ಬ, ಮನೆಗೆ ಮತ್ತು ಕೆಲಸದವರಿಗೆ. ಅವರು ಬಿಸ್ಕತ್ತಿನ ಕಡೆ ನೋಡುವುದೇ ಇಲ್ಲ. ಬಾಯಿ ಪಕ್ಕದ ಮನೆಯವಳ ಸುದ್ದಿ ಹೇಳುತ್ತಿರುತ್ತದೆ, ಕೈ ತನ್ನಷ್ಟಕ್ಕೆ ಆರಿಸುತ್ತಿರುತ್ತದೆ. ನಾನು ಈ ಮನೆಗೆ ಬಂದ ಮೊದಲ ದಿನಗಳಲ್ಲಿ ಕಾಫಿಯ ಜೊತೆ ಇಡೀ ಬಿಸ್ಕತ್ತು ಬರುತ್ತಿತ್ತು. ಒಂದು ದಿನ ಚೂರು ಬಂತು. ತವರಿಗೆ ಫೋನ್ ಮಾಡಿ ಅತ್ತುಬಿಟ್ಟೆ. “ಅಯ್ಯೋ ಹುಚ್ಚಿ, ನೆಂಟಸ್ತನ ಮುಗೀತು, ಇನ್ನು ನೀನು ಮನೆಯವಳು ಅಂತ ಅರ್ಥ” ಎಂದು ನಮ್ಮಮ್ಮ ಸಮಾಧಾನ ಮಾಡಿದಳು. ನಾನೂ ಹಾಗೇ ಅಂದುಕೊಂಡು ಇಷ್ಟು ವರ್ಷ ಚೂರು ತಿಂದೆ. ಅತ್ತೆಯೂ ತಿನ್ನುವುದು ಚೂರನ್ನೇ. ಅವರು ತಮ್ಮ ಜನ್ಮದಲ್ಲಿ ಒಂದು ಇಡೀ ಬಿಸ್ಕತ್ತು ತಿಂದದ್ದನ್ನು ನಾನು ಕಂಡಿಲ್ಲ.

ಸಿನಿಮಾದಲ್ಲಿ ನಾದಿನಿಗೆ ತುಂಬ ಇಷ್ಟವಾದ ದೃಶ್ಯ ಬಿಸ್ಕತ್ತಿನದೇ. ಶಾಲೆಯಿಂದ ಬಂದ ಇಬ್ಬರು ಹುಡುಗಿಯರಿಗೆ ತಾಯಿ ಬಿಸ್ಕತ್ತು ಕೊಡುತ್ತಾಳೆ. ಅವರು ಅಂಗಳದ ಕಲ್ಲಿನ ಮೇಲೆ ಕೂತು ಚೂರುಗಳನ್ನೆಲ್ಲ ಹರಡಿಕೊಂಡು ಯಾವುದಕ್ಕೆ ಯಾವುದು ಕೂಡುತ್ತದೆಂದು ಜೋಡಿ ಹುಡುಕುವ ಆಟ ಆಡುತ್ತಾರೆ. “ನಮ್ಮಿಬ್ಬರ ಆಟ ಅದು ಅತ್ತಿಗೆ, ಮಿಡತೆ ಕಂಡುಹಿಡಿದದ್ದು. ಇಡೀ ಫಿಲ್ಮೇ ಆ ಆಟದ ಮೇಲೆ ನಿಂತಿದೆ,” ಎಂದು ನನಗೆ ಹೇಳಿದ್ದಳು.

ಆ ದಿನ ಅತ್ತೆಗೆ ಏನು ಮಾಡಿದರೂ ಸರಿ ಬರಲಿಲ್ಲ. ಒಮ್ಮೆ ಕ್ಯಾಮೆರಾ ನೋಡಿದರು. ಒಮ್ಮೆ ಬಿಸ್ಕತ್ತು ಕೊಡುವಾಗ ಬಹುಮಾನ ಕೊಡುವವರಂತೆ ಎರಡೂ ಕೈ ಚಾಚಿದರು. ಇನ್ನೊಮ್ಮೆ ಮಾತೇ ಮರೆತು “ನೀವೆಲ್ಲ ಊಟ ಮಾಡಿದ್ರಾ?” ಎಂದು ಕ್ಯಾಮೆರಾದವನನ್ನೇ ಕೇಳಿದರು. ಎಲ್ಲರೂ ನಕ್ಕರು, ಮಿಡತೆಯಂತೂ ಥರ್ಮಾಕೋಲಿನ ಹಿಂದೆ ಬಾಗಿಬಿಟ್ಟಳು.

ನಾದಿನಿ ಹತ್ತಿರ ಹೋಗಿ ತಾಯಿಯ ಭುಜ ಹಿಡಿದಳು. “ಅಮ್ಮ, ನಟನೆ ಮಾಡ್ಬೇಡ. ಕ್ಯಾಮೆರಾ ಇಲ್ಲ ಅಂದ್ಕೋ. ನಿನ್ನ ಡಬ್ಬ ಇಟ್ಕೊಂಡು ದಿನಾ ಹೇಗೆ ಕೂರ್ತೀಯೋ ಹಾಗೆ ಕೂತ್ಕೋ. ಮಕ್ಕಳು ಬರ್ತಾರೆ, ದಿನಾ ಹೇಗೆ ಕೊಡ್ತೀಯೋ ಹಾಗೆ ಕೊಡು.”

ಅತ್ತೆ ಹಾಗೇ ಕೂತರು. ಎರಡೂ ಡಬ್ಬ ಮುಂದೆ. ಕೈ ಆರಿಸತೊಡಗಿತು, ಮುಖ ಸಡಿಲವಾಯಿತು. ಮಕ್ಕಳು ಚೀಲ ಹೊತ್ತು ಓಡಿ ಬಂದರು. ಅತ್ತೆ ನೋಡದೆಯೇ ಕೆಂಪು ಮುಚ್ಚಳ ತೆಗೆದು ಡುಮ್ಮಿಗೆ ಇಡೀ ಬಿಸ್ಕತ್ತು ಕೊಟ್ಟರು. ಅದೇ ಕೈ ಪಕ್ಕದ ಡಬ್ಬಕ್ಕೆ ಹೋಯಿತು. ಮರಿಮಿಡತೆಯ ಅಂಗೈಗೆ ಚೂರು ಬಿತ್ತು.

ಮಗು ತನ್ನ ಕೈ ನೋಡಿಕೊಂಡಿತು, ಡುಮ್ಮಿಯ ಕೈ ನೋಡಿತು.

“ಅಜ್ಜಿ, ನಂದು ಮುರಿದಿದೆ.”

ಆ ಮಾತು ಬರೆದಿರಲಿಲ್ಲ. ಅತ್ತೆ ತಲೆ ಎತ್ತಲಿಲ್ಲ. ಬಾಯಿ ತಾನಾಗಿಯೇ ಹೇಳಿತು. “ರುಚಿ ಒಂದೇ ಕಣೇ, ತಿನ್ನು.”

ಅತ್ತೆಯ ಮುಖದ ಮೇಲಿದ್ದ ಬೆಳಕು ಅಲ್ಲಾಡಿತು. ಥರ್ಮಾಕೋಲ್ ಹಾಳೆ ಒಂದು ಪಕ್ಕಕ್ಕೆ ವಾಲಿತ್ತು. ಯಾರೂ ಕಟ್ ಅನ್ನಲಿಲ್ಲ. ಡುಮ್ಮಿ ಬಿಸ್ಕತ್ತು ಕಚ್ಚುವ ಸದ್ದು ನನ್ನ ಗಂಡ ಹಿಡಿದಿದ್ದ ಮೈಕಿಗೆ ಚೆನ್ನಾಗಿ ಕೇಳಿಸಿರಬೇಕು. ನನ್ನ ಮಗಳಿಗೆ ಇಡೀದು ಬಂತಲ್ಲ ಎಂದು ಹೊಟ್ಟೆಯ ಯಾವುದೋ ಮೂಲೆಯಲ್ಲಿ ನನಗೆ ತಂಪಾಯಿತು, ಮರುಕ್ಷಣವೇ ಅದಕ್ಕೆ ನಾಚಿಕೆಯಾಯಿತು.

“ಏನ್ ಬಂತು ಗುರು!” ಎಂದ ಕ್ಯಾಮೆರಾದವನು. ಅವನೊಬ್ಬನಿಗೇ ಖುಷಿ.

ಮಿಡತೆ ಥರ್ಮಾಕೋಲನ್ನು ಗೋಡೆಗೆ ಒರಗಿಸಿ, ಮಗಳ ಕೈ ಹಿಡಿದು, “ಡ್ಯೂಟಿ ಇದೆ ಕಣೇ ಬನ್ನು, ಹೊರಡ್ತೀನಿ” ಎಂದಳು. ಆ ದಿನ ಅವಳಿಗೆ ಡ್ಯೂಟಿ ಇರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಆ ಬಿಸ್ಕತ್ತಿನ ಚೂರು ಕಲ್ಲಿನ ಮೇಲೆ ಉಳಿಯಿತು, ಇರುವೆ ಬರುವ ತನಕ ಯಾರೂ ಅದನ್ನು ತೆಗೆಯಲಿಲ್ಲ.

ರಾತ್ರಿಯ ಊಟಕ್ಕೆ ಕೂತಾಗ ಅತ್ತೆಯೇ ಬಾಯಿ ತೆರೆದರು.

“ಅದನ್ನ ತೆಗೆದುಹಾಕು.”

“ಯಾವುದನ್ನ?” ಎಂದಳು ನಾದಿನಿ.

“ಗೊತ್ತಿಲ್ಲದೋರ ಹಾಗೆ ಆಡ್ಬೇಡ.”

“ಅಮ್ಮ, ಇಷ್ಟು ದಿನ ತೆಗೆದದ್ದರಲ್ಲಿ ಜೀವ ಇರೋದು ಅದೊಂದರಲ್ಲೇ.”

“ನನ್ನ ಮಾನ ತೆಗೆದು ನಿನ್ನ ಫಿಲ್ಮಿಗೆ ಜೀವ ಕೊಡ್ತೀಯಾ? ಊರಿನೋರೆಲ್ಲ ಕೂತು ನೋಡಬೇಕಾ?”

“ನಾನೇನು ಮಾಡು ಅಂದೆ? ದಿನಾ ಮಾಡೋ ಹಾಗೆ ಮಾಡು ಅಂದೆ. ಮಾಡಿದೆ.”

ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟ ಸದ್ದಿಗೆ ಡುಮ್ಮಿ ಬೆಚ್ಚಿದಳು. “ಮನೆಯವರೆಲ್ಲ ಚೂರೇ ತಿಂದಿರೋದು. ನಾನು ತಿಂತೀನಿ. ನಿಮ್ಮತ್ತಿಗೆ ತಿಂತಾಳೆ. ಕೇಳು ಅವಳನ್ನ! ಆ ಹುಡುಗೀನೂ ಮನೆ ಮಗಳ ಹಾಗೆ ಅಂತಲೇ ಕೊಟ್ಟೆ.”

ನನ್ನನ್ನು ಸಾಕ್ಷಿಗೆ ಕರೆದದ್ದು ಕೇಳಿ ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದೆ. ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಕಷ್ಟ. ಅಷ್ಟರಲ್ಲಿ ಮಾವ, ಊಟದ ಹೊತ್ತಿಗೆ ಉಪ್ಪು ಕೇಳಲಿಕ್ಕೂ ಬಾಯಿ ತೆರೆಯದ ಮನುಷ್ಯ, ನಿಧಾನವಾಗಿ ಕೇಳಿದರು.

“ಮನೆಯವರಿಗೆ ಚೂರು ಅಂತಾದ್ರೆ, ನಮ್ಮ ಮಗಳಿಗೆ ಯಾಕೆ ಇಡೀದು ಕೊಡ್ತಿದ್ದೆ?”

ಅತ್ತೆ ತಟ್ಟೆ ಎತ್ತಿಕೊಂಡು ಎದ್ದುಹೋದರು. ಮಾವನೂ ಆಮೇಲೆ ಊಟ ಮಾಡಲಿಲ್ಲ. ತಾವೇ ಬಾಣ ಬಿಟ್ಟು ತಾವೇ ಬಾಡಿಹೋದರು.

ಮುಂದಿನ ವಾರ ಚಿತ್ರೀಕರಣ ನಿಂತಿತು. ಮಿಡತೆ ಫೋನ್ ಎತ್ತಲಿಲ್ಲ. ಮರಿಮಿಡತೆ ಇಲ್ಲದೆ ತೆಗೆಯಬಹುದಾದ ದೃಶ್ಯ ಒಂದೂ ಉಳಿದಿರಲಿಲ್ಲ. ಕ್ಯಾಮೆರಾ ಮೂಲೆಯಲ್ಲಿ ಕೂತಿತ್ತು, ಅದರ ಬಾಡಿಗೆ ಮಾತ್ರ ಓಡುತ್ತಿತ್ತು. ನಾದಿನಿ ಊಟ ಬಿಟ್ಟಳು, ಅಂದರೆ ನಮ್ಮೆದುರು ಬಿಟ್ಟಳು. ಅಡುಗೆಮನೆಯ ಬಾಳೆಹಣ್ಣು ದಿನಾ ಕಮ್ಮಿಯಾಗುತ್ತಿತ್ತು. ನಾನೇ ಹೇಳಿದೆ. “ಫೋನಲ್ಲಿ ಆಗೋ ಮಾತಲ್ಲ ಇದು. ನಡಿ, ಅವಳ ಬಸ್ಸಿಗೇ ಹೋಗೋಣ.”

ಅವಳ ಬಸ್ಸು ಮಾರುಕಟ್ಟೆಯಿಂದ ಆಸ್ಪತ್ರೆಯವರೆಗೆ ಓಡುತ್ತದೆ. ಹತ್ತಿದೆವು. ನಮ್ಮನ್ನು ಕಂಡವಳು ಕಾಣದವಳಂತೆ ಹತ್ತಿರ ಬಂದು ಯಂತ್ರ ಹಿಡಿದಳು.

“ಎಲ್ಲಿಗೆ?”

“ನಿನ್ನ ಹತ್ರ ಮಾತಾಡೋಕೆ,” ಎಂದಳು ನಾದಿನಿ.

“ಆ ಸ್ಟಾಪ್ ಇಲ್ಲ. ಕೊನೇ ಸ್ಟಾಪಿಗೆ ಎರಡು ಕೊಡ್ತೀನಿ.” ಟಿಕೆಟ್ ಹರಿದು ಕೊಟ್ಟು, ದುಡ್ಡು ತೆಗೆದುಕೊಂಡು, ಮುಂದೆ ಹೋದಳು.

ಬಸ್ಸು ಸ್ವಲ್ಪ ಖಾಲಿಯಾದ ಮೇಲೆ ಬಂದು ನಮ್ಮ ಸೀಟಿನ ಕಂಬಿಗೆ ಒರಗಿದಳು. ನಾದಿನಿ ಕೈ ಮುಗಿಯುವ ಹಾಗೆ ಶುರು ಮಾಡಿದಳು. “ಅಮ್ಮ ಬೇಕಂತ ಮಾಡಿದ್ದಲ್ಲ ಕಣೇ. ಕೈ ರೂಢಿ.”

“ಗೊತ್ತು. ಆಂಟಿ ಮೇಲೆ ನಂಗೆ ಸಿಟ್ಟಿಲ್ಲ. ಆ ಕೈನ ನಾನು ನಿನಗಿಂತ ಚೆನ್ನಾಗಿ ನೋಡಿದ್ದೀನಿ.” ಹಿಂದಿನ ಬಾಗಿಲಿಗೆ ತಿರುಗಿ “ಮೆಟ್ಟಿಲ ಮೇಲೆ ನಿಲ್ಬೇಡಿ!” ಎಂದು ಕೂಗಿ ಮತ್ತೆ ಬಂದಳು. “ಸಿಟ್ಟು ನಿನ್ನ ಮೇಲೆ.”

“ನನ್ನ ಮೇಲಾ?”

“ಫಿಲ್ಮಲ್ಲಿ ಬರೆದಿದ್ದೀಯಲ್ಲ, ‘ನಮಗೆ ಚೂರಂದ್ರೇನೇ ಇಷ್ಟ’ ಅಂತ. ನಮಗೆ ಅಂದ್ರೆ ಯಾರಿಗೆ? ನೀನು ಯಾವತ್ತು ಚೂರು ತಿಂದೆ?”

ನಾದಿನಿ ಕೈಯಲ್ಲಿದ್ದ ಟಿಕೆಟ್ಟಿನ ಕಡೆ ನೋಡಿದಳು.

“ಆ ಆಟ ಇದೆಯಲ್ಲ, ಜೋಡಿ ಹುಡುಕೋದು. ಅದು ಆಟ ಅಲ್ಲ ಬನ್ನು. ಸರಿಯಾಗಿ ಕೂಡೋ ಎರಡು ಚೂರು ಸಿಕ್ಕಿದ್ರೆ ಕಾಗದದಲ್ಲಿ ಸುತ್ತಿ ಅಮ್ಮನಿಗೆ ಒಯ್ತಿದ್ದೆ. ‘ನೋಡಮ್ಮ, ನಂಗೂ ಇಡೀದೇ ಕೊಟ್ರು, ದಾರೀಲಿ ಮುರೀತು’ ಅಂತಿದ್ದೆ. ಪಕ್ಕದಲ್ಲಿ ಕೂತ್ಕೊಂಡು ನೀನೂ ಹುಡುಕ್ತಿದ್ದೆ. ಆಟ ಅಂತ ಹೇಳಿದ್ದು ನಾನೇ. ಇನ್ನೇನು ಹೇಳ್ಲಿ ನಿಂಗೆ?”

ಬಸ್ಸು ನಿಂತಿತು. ಇಳಿಯುವವರನ್ನು ಇಳಿಸಿ, ಹತ್ತುವವರನ್ನು ಹತ್ತಿಸಿ, ಸೀಟಿ ಊದಿ ಅವಳು ವಾಪಸು ಬರುವವರೆಗೆ ನಾದಿನಿ ಕೈಯಲ್ಲಿದ್ದ ಟಿಕೆಟ್ಟನ್ನು ಸುರುಳಿ ಸುತ್ತುತ್ತ ಕೂತಿದ್ದಳು. ಅವಳ ಕಿವಿ ಕೆಂಪಾಗಿತ್ತು.

“ಮಗಳನ್ನ ಕಳಿಸ್ತೀನಿ. ಮಾತು ಕೊಟ್ಟಿದ್ದೀನಿ, ಮುಗಿಸ್ಕೋ. ಆದ್ರೆ ಆ ಬಿಸ್ಕತ್ತಿನದ್ದು ಇರಬಾರದು,” ಎಂದಳು ಮಿಡತೆ.

“ಅಮ್ಮನ್ನ ಉಳಿಸೋಕಾ?”

“ನಿಮ್ಮಮ್ಮನ್ನಲ್ಲ. ನಮ್ಮಮ್ಮನ್ನ. ಅವಳು ಬಂದು ನೋಡ್ತಾಳೆ. ದಾರೀಲಿ ಮುರೀತು ಅಂತ ಇವತ್ತಿಗೂ ನಂಬಿದಾಳೆ ಕಣೇ. ತನ್ನ ಮಗಳಿಗೆ ಎಲ್ಲಾ ಗೊತ್ತಿತ್ತು ಅಂತ ಈ ವಯಸ್ಸಲ್ಲಿ ಅವಳಿಗೆ ಗೊತ್ತಾಗೋದು ಬೇಡ.” ಆಮೇಲೆ ಗಂಟಲು ಏರಿಸಿ “ಕೊನೇ ಸ್ಟಾಪ್! ಇಳೀರಿ ಇಳೀರಿ!” ಎಂದಳು. ಇಳಿದೆವು.

ವಾಪಸು ಬರುವಾಗ ನಾವು ನಡೆದೇ ಬಂದೆವು. ಅರ್ಧ ದಾರಿಯಲ್ಲಿ ನಾದಿನಿ ಕೇಳಿದಳು. “ಅತ್ತಿಗೆ, ನಾನು ನೋಡಿಯೇ ಇರ್ಲಿಲ್ವಾ? ದಿನಾ ಪಕ್ಕದಲ್ಲೇ ಕೂತಿದ್ದೆನಲ್ಲ.”

“ಮಗು ನೀನು,” ಎಂದೆ.

“ಮರಿಮಿಡತೇನೂ ಮಗೂನೇ. ಅವಳು ಒಂದೇ ಸಲಕ್ಕೆ ನೋಡಿದಳು.”

ಮನೆಗೆ ಬಂದವಳೇ ನಾದಿನಿ ಆ ದೃಶ್ಯವನ್ನು ಸಿನಿಮಾದಿಂದ ತೆಗೆದಳು. ಕ್ಯಾಮೆರಾದವನು ಜಗಳವಾಡಿದ, “ಇದಿಲ್ಲದೆ ನಿಮ್ಮ ಫಿಲ್ಮು ಸಕ್ಕರೆ ನೀರು” ಎಂದ. “ಸಕ್ಕರೆ ನೀರೇ ಇರಲಿ” ಎಂದಳು.

ಅತ್ತೆ ಗೆದ್ದರು. ಗೆದ್ದವರ ಹಾಗೆ ಮಾತ್ರ ಇರಲಿಲ್ಲ. ಬಸ್ಸಿನಲ್ಲಿ ಆದ ಮಾತನ್ನೆಲ್ಲ ನಾನು ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಬಾಯಿ ತಪ್ಪಿ ಎನ್ನುವುದೂ ಸುಳ್ಳು. ಅವರಿಗೆ ಗೊತ್ತಾಗಲಿ ಎಂದೇ ಹೇಳಿದೆ. ದಾರಿಯಲ್ಲಿ ಮುರಿಯಿತೆಂಬ ಮಾತಿಗೆ ಬಂದಾಗ ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. ಮರುದಿನದಿಂದ ಡಬ್ಬಗಳ ಮುಂದೆ ಕೂರಲಿಲ್ಲ.

“ನನ್ನ ಕೈ ಸರಿ ಇಲ್ಲ. ನೀನೇ ಆರಿಸು,” ಎಂದರು.

ನಾನು ಆರಿಸಿದೆ. ಇತ್ತ ಮನೆಯಲ್ಲಿ ಕಾಫಿಯ ಜೊತೆ ಎಲ್ಲರಿಗೂ ಇಡೀ ಬಿಸ್ಕತ್ತು ಬರತೊಡಗಿತು. ಮಾವ ತಟ್ಟೆ ನೋಡಿ, “ಯಾರು ಬಂದಿದ್ದಾರೆ?” ಎಂದು ಬಾಗಿಲ ಕಡೆ ತಿರುಗಿದರು. ನನ್ನ ಗಂಡ ನಗಲು ಹೋಗಿ ತಾಯಿಯ ಮುಖ ನೋಡಿ ಕಾಫಿ ಕುಡಿದರು. ಚೂರಿನ ಡಬ್ಬ ತುಂಬಿ ತುಳುಕಿತು, ಅದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಮರಿಮಿಡತೆ ಬಂದಾಗಲೆಲ್ಲ ಅತ್ತೆ ಅಡುಗೆಮನೆ ಸೇರುತ್ತಿದ್ದರು. ಒಂದು ಸಂಜೆ ನಾನೇ ಕೆಣಕಿದೆ. “ಹೋಗಿ ಒಂದು ಮಾತು ಹೇಳಿಬಿಡಿ ಅತ್ತೆ. ಮಿಡತೆಗಾಗಲಿ, ಅವರಮ್ಮನಿಗಾಗಲಿ.”

“ಏನಂತ ಹೇಳ್ಲಿ? ಬಿಸ್ಕತ್ತು ಮುರಿದಿತ್ತು, ತಪ್ಪಾಯ್ತು ಅಂತಲಾ?”

“ಹಾಗೇ ಹೇಳಿ.”

“ಕಳ್ಳತನ ಮಾಡಿದ್ರೆ ಹೇಳಬಹುದು ಕಣೇ. ಹೊಡೆದಿದ್ರೆ ಹೇಳಬಹುದು. ಇದನ್ನ ಹೇಳೋಕೆ ಹೊರಟ್ರೆ ಬಾಯಲ್ಲಿ ಎಷ್ಟು ಚಿಕ್ಕದಾಗುತ್ತೆ ನೋಡು. ಇಷ್ಟು ಚಿಕ್ಕದನ್ನ ಮಾಡಿದೆನಲ್ಲ ಅಂತಲೇ ನಾಚಿಕೆ.” ಅವರು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಹೊಗೆಯ ನೆಪ ಹೇಳುವಂತಿರಲಿಲ್ಲ, ನಮ್ಮದು ಗ್ಯಾಸಿನ ಒಲೆ.

ಸಿನಿಮಾ ಮುಗಿಯಿತು. ತೋರಿಸಲು ಚಿತ್ರಮಂದಿರ ಸಿಗುವಷ್ಟು ದುಡ್ಡಾಗಲಿ ಪರಿಚಯವಾಗಲಿ ಇರಲಿಲ್ಲ. ನಮ್ಮ ಬೀದಿಯ ಟ್ಯೂಷನ್ ಮೇಷ್ಟ್ರು ತಮ್ಮ ಪಾಠದ ಹಾಲ್ ಬಿಟ್ಟುಕೊಟ್ಟರು. ಪ್ರೊಜೆಕ್ಟರ್ ಅವರದೇ, ಗೋಡೆ ನಮ್ಮ ಮಾವ ಸುಣ್ಣ ಬಳಿದದ್ದು. ಭಾನುವಾರ ಮಧ್ಯಾಹ್ನ ಬೀದಿಯವರೆಲ್ಲ ಬಂದರು. ಎಲ್ಲರಿಗೂ ತಾವು ಎಲ್ಲಾದರೂ ಕಾಣುತ್ತೇವೇನೋ ಎಂಬ ಆಸೆ.

ಮಿಡತೆ ತನ್ನ ತಾಯಿಯನ್ನು ಆಟೋದಲ್ಲಿ ಕರೆತಂದಳು. ನಮ್ಮ ಬೇಕರಿಯಲ್ಲಿ ಅವರನ್ನು ಟ್ರೇಯಮ್ಮ ಎಂದೇ ಕರೆಯುತ್ತಿದ್ದದ್ದು. ನಾನು ಈ ಮನೆಗೆ ಬರುವ ಹೊತ್ತಿಗೆ ಮಂಡಿನೋವಾಗಿ ಕೆಲಸ ಬಿಟ್ಟಿದ್ದರು, ನಾನು ನೋಡಿದ್ದು ಅದೇ ಮೊದಲು. ಕೋಲು ಊರಿಕೊಂಡು ಬಂದು, ಮುಂದಿನ ಸಾಲಿನಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಂಡರು. ಅತ್ತೆ ದೂರದಿಂದ ಕೈ ಮುಗಿದು ಹಿಂದಿನ ಸಾಲಿಗೆ ಹೋಗಿ ಕೂತರು.

ಸಿನಿಮಾ ಚೆನ್ನಾಗಿತ್ತು. ಕ್ಯಾಮೆರಾದವನು ಹೇಳಿದ ಹಾಗೆ ಸಕ್ಕರೆ ನೀರು, ಆದರೆ ಬಾಯಾರಿದವರಿಗೆ ಅದೂ ರುಚಿಯೇ. ಮಕ್ಕಳು ರಿಬ್ಬನ್ ಹಂಚಿಕೊಂಡಾಗ ಹೆಂಗಸರು ನಿಟ್ಟುಸಿರಿಟ್ಟರು. ಬನ್ನು ಕಾಲೇಜಿಗೆ ಹೋಗುವಾಗ ಮಿಡತೆ ಗೇಟಿನ ಹತ್ತಿರ ನಿಂತೇ ಇರುವ ಕಡೆಯ ದೃಶ್ಯಕ್ಕೆ ಮೇಷ್ಟ್ರು ಮೂಗು ಒರೆಸಿಕೊಂಡರು. ಚಪ್ಪಾಳೆ ಬಿತ್ತು. ನಾದಿನಿ ಎದ್ದು ನಿಂತು ಕೈ ಮುಗಿದಳು, ಮುಖದಲ್ಲಿ ಗೆಲುವಿರಲಿಲ್ಲ. ಜನ ಅವಳ ಬೆನ್ನು ತಟ್ಟಿ, ಚಪ್ಪಲಿ ಹುಡುಕಿಕೊಂಡು ಹೊರಟರು. ನನ್ನ ಗಂಡ, ಮಾವ ಕುರ್ಚಿ ಮಡಚತೊಡಗಿದರು.

ಟ್ರೇಯಮ್ಮ ಏಳಲಿಲ್ಲ.

“ಮುಗೀತಮ್ಮ, ನಡಿ,” ಎಂದಳು ಮಿಡತೆ.

“ಮುಗೀತಾ? ಬಿಸ್ಕತ್ತಿನದ್ದು ಎಲ್ಲಿ?”

ಮಿಡತೆ ಮಗಳ ಕಡೆ ನೋಡಿದಳು. ಮರಿಮಿಡತೆ ಡುಮ್ಮಿಯ ಹಿಂದೆ ಸರಿದಳು.

“ಅವಳನ್ನ ಯಾಕೆ ನೋಡ್ತೀಯಾ? ಅವತ್ತೇ ಬಂದು ಹೇಳಿದಾಳೆ ನಂಗೆ. ಅಜ್ಜಿ ಚೂರು ಕೊಟ್ರು, ನಾನು ಕೇಳಿಬಿಟ್ಟೆ, ಎಲ್ಲರೂ ಸುಮ್ಮನಾದ್ರು ಅಂತ.” ಟ್ರೇಯಮ್ಮ ನಾದಿನಿಗೆ ಕೋಲು ತೋರಿಸಿದರು. “ಬನ್ನಮ್ಮ, ಅದನ್ನ ಯಾಕೆ ಬಿಟ್ಟೆ? ನಾನು ಅದನ್ನ ನೋಡೋಕೇ ಆಟೋ ಹತ್ತಿ ಬಂದದ್ದು.”

“ಅಮ್ಮ, ಅದೆಲ್ಲ ಯಾಕೆ ಈಗ,” ಎಂದಳು ಮಿಡತೆ. ಬಸ್ಸನ್ನೇ ನಡುಗಿಸುವ ಗಂಟಲು ಕೀಚಲಾಗಿತ್ತು.

“ಯಾಕೆ ಅಂದ್ರೆ? ದಾರೀಲಿ ಮುರೀತು ಅಂತ ತಂದು ಕೊಡ್ತಿದ್ದೆ ನೀನು. ಅಂಗಳದಿಂದ ಮನೆಗೆ ಇರೋ ದಾರಿ ಎಷ್ಟು? ದಿನಾ ಮುರಿಯೋಷ್ಟು? ನೀನು ನಗ್ತಾ ಕೊಡ್ತಿದ್ದೆ, ನಾನು ನಗ್ತಾ ತಿಂತಿದ್ದೆ. ಕೇಳಬೇಕಾದೋಳು ನಾನು. ಕೆಲಸ ಹೋದ್ರೆ ಅಂತ ಕೇಳಲಿಲ್ಲ. ನಂಗೆ ನೋವಾದ್ರೆ ಅಂತ ನೀನು ಕೇಳಲಿಲ್ಲ. ನಮ್ಮ ಮನೇಲಿ ಬಾಯಿ ಬಿಟ್ಟು ಕೇಳಿದೋಳು ಇವಳೊಬ್ಬಳೇ. ಅದನ್ನೇ ನೀವೆಲ್ಲ ಸೇರಿ ಕತ್ತರಿಸಿ ಬಿಸಾಕಿದ್ರಾ?”

ನನ್ನ ಗಂಡ ಅರ್ಧ ಮಡಚಿದ ಕುರ್ಚಿ ಹಿಡಿದು ಹಾಗೇ ನಿಂತರು. ನಾದಿನಿ ಮಿಡತೆಯನ್ನು ನೋಡಿದಳು. ಮಿಡತೆ ಅಂಗೈಯಲ್ಲಿ ಮುಖ ಒರೆಸಿಕೊಂಡು, ಆಗಲಿ ಎಂಬಂತೆ ತಲೆ ಆಡಿಸಿದಳು. ಆಮೇಲೆ ನಾದಿನಿ ಹಿಂದಿನ ಸಾಲಿನ ಕಡೆ ತಿರುಗಿದಳು. ನಾವೆಲ್ಲರೂ ತಿರುಗಿದೆವು.

ಅತ್ತೆ ಬಾಗಿಲಿನ ಹತ್ತಿರ ನಿಂತಿದ್ದರು, ಚಪ್ಪಲಿಗೆ ಒಂದು ಕಾಲು ಹಾಕಿ ಆಗಿತ್ತು. ಅವರು ಹೊರಟುಬಿಡುತ್ತಾರೆಂದೇ ನಾನು ಅಂದುಕೊಂಡೆ. ಹೋಗಿದ್ದರೆ ನಾನೇನೂ ಅನ್ನುತ್ತಿರಲಿಲ್ಲ, ನನಗಾಗಿದ್ದರೆ ಆ ಹಾಲಿನಲ್ಲಿ ನಿಲ್ಲುವ ಧೈರ್ಯ ಬರುತ್ತಿರಲಿಲ್ಲ. ಅವರು ಚಪ್ಪಲಿ ಬಿಟ್ಟು, ಒಳಗೆ ಬಂದು, ಮಾವನ ಕೈಯಿಂದ ಒಂದು ಕುರ್ಚಿ ಕಿತ್ತುಕೊಂಡು ಟ್ರೇಯಮ್ಮನ ಪಕ್ಕದಲ್ಲೇ ಹಾಕಿಕೊಂಡು ಕೂತರು.

“ನಿನ್ನ ಕಂಪ್ಯೂಟರಲ್ಲಿ ಇದೆಯಲ್ಲ. ಹಾಕು,” ಎಂದರು ಮಗಳಿಗೆ.

ಸುಣ್ಣದ ಗೋಡೆಯ ಮೇಲೆ ನಮ್ಮ ಅಂಗಳ ಬಂತು. ಎರಡು ಡಬ್ಬ, ನಡುವೆ ಅತ್ತೆ. ಗೋಡೆಯಷ್ಟು ದೊಡ್ಡದಾಗಿ ಅವರ ಕೈ. ಅದು ಕೆಂಪು ಮುಚ್ಚಳ ತೆಗೆಯಿತು, ಡುಮ್ಮಿಗೆ ಕೊಟ್ಟಿತು, ಪಕ್ಕಕ್ಕೆ ಸರಿಯಿತು. ಅತ್ತೆ ತಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

“ಅಜ್ಜಿ, ನಂದು ಮುರಿದಿದೆ.”

“ಕೇಳಿದಳು ನೋಡು!” ಟ್ರೇಯಮ್ಮ ಕೋಲಿನಿಂದ ನೆಲ ಕುಟ್ಟಿದರು. “ಹೇಗೆ ಕೇಳಿದಳು ನೋಡು!”

“ರುಚಿ ಒಂದೇ ಕಣೇ, ತಿನ್ನು,” ಎಂದಿತು ಗೋಡೆ.

“ಒಂದೇ ಅಲ್ಲ. ನಂಗೆ ಗೊತ್ತಿತ್ತು,” ಎಂದರು ಅತ್ತೆ, ತಲೆ ತಗ್ಗಿಸಿ.

ಟ್ರೇಯಮ್ಮ ಅವರ ಕಡೆ ತಿರುಗಲಿಲ್ಲ. ಇರಲಿ ಬಿಡಿ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಗೋಡೆಯನ್ನೇ ನೋಡುತ್ತ ಹೇಳಿದರು.

“ಇನ್ನೊಂದು ಸಲ ಹಾಕು ಬನ್ನಮ್ಮ.”

ನಾದಿನಿ ಹಾಕಿದಳು. ಅತ್ತೆ ಕೂತೇ ಇದ್ದರು.